ಎರಡಿಂಚು ಕಡಿಮೆ

ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಬಂದ ಹೆಂಗಸರು ಅಳತೆ ಕೊಟ್ಟು ಹೋಗುವಾಗ ಬಂದದ್ದಕ್ಕಿಂತ ಹಗುರಾಗಿ ಹೋಗುತ್ತಿದ್ದರು. ಅದರ ಗುಟ್ಟು ಗೊತ್ತಿದ್ದದ್ದು ದೊಡ್ಡಮ್ಮನಿಗೆ ಮತ್ತು ಅವಳ ತಂಗಿಯ ಮಗಳಿಗೆ ಮಾತ್ರ. ಟೇಪು ಸೊಂಟ ಸುತ್ತಿ ಬಂದ ಮೇಲೆ ದೊಡ್ಡಮ್ಮ ಎರಡಿಂಚು ಕಳೆದು ಜೋರಾಗಿ ಕೂಗುವಳು. ಮೂಲೆಯ ಸ್ಟೂಲಿನ ಮೇಲೆ ಕೂತ ಹುಡುಗಿ ಆ ಎರಡನ್ನು ಮತ್ತೆ ಕೂಡಿಸಿ ಪುಸ್ತಕದಲ್ಲಿ ಬರೆಯಬೇಕು. ಅವಳು ಅರ್ಧಕ್ಕೇ ಶಾಲೆ ಬಿಟ್ಟವಳಾದರೂ ಎರಡು ಕೂಡಿಸಲು ಅಷ್ಟು ಓದು ಧಾರಾಳವಾಗಿತ್ತು. ಕಡ್ಡಿಯಂತಿದ್ದ ಅವಳನ್ನು ಎಲ್ಲರೂ ಸೂಜಿ ಎನ್ನುತ್ತಿದ್ದರು.

ಬ್ಯಾಂಕಿನ ಮೇಡಂ ತಮ್ಮ ಮಗಳನ್ನು ಕರೆತಂದ ದಿನ ಸೂಜಿಯ ಗಮನ ತಪ್ಪಿತು. ಹದಿನೈದರ ಆ ಹುಡುಗಿ ಶಾಲೆಯ ವೇದಿಕೆಯಲ್ಲಿ ಹಾಡಬೇಕಿತ್ತು, ಅದಕ್ಕೊಂದು ನೀಲಿ ಗೌನು. ಟೇಪು ಸುತ್ತಿದ ಕೂಡಲೇ ಅವಳು ಉಸಿರು ಬಿಗಿಹಿಡಿದು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು, ಯಾರೋ ಬೈಯುವುದಕ್ಕೆ ಕಾಯುತ್ತಿದ್ದವಳ ಹಾಗೆ. ಸೂಜಿ ಆ ಮುಖವನ್ನೇ ನೋಡುತ್ತಿದ್ದಳು. ದೊಡ್ಡಮ್ಮ "ಮೂವತ್ತು" ಎಂದಳು. ಸೂಜಿಯ ಪೆನ್ನು ಮೂವತ್ತು ಎಂದೇ ಬರೆಯಿತು.

ಹದಿನೈದು ದಿನ ಕಳೆದು ಗೌನು ಹಾಕಿ ನೋಡಿದರೆ ಬೆನ್ನಿನ ಜಿಪ್ಪು ಸೊಂಟದಲ್ಲೇ ನಿಂತುಬಿಟ್ಟಿತು.

"ನೋಡಿದ್ಯಾ!" ಎಂದರು ಮೇಡಂ. "ಎರಡೇ ವಾರಕ್ಕೆ ಇಷ್ಟು ಊದ್ಕೊಂಡಿದೀಯ. ಹೀಗೇ ಮೇಯ್ತಾ ಇರು, ಮುಂದಿನ ಸಲ ಕಿಟಕಿ ಪರದೆ ಸುತ್ಕೊಂಡು ಹಾಡುವೆಯಂತೆ."

ದೊಡ್ಡಮ್ಮ ಪುಸ್ತಕ ತೆರೆದಳು, ನೋಡಿದಳು, ಮೆಲ್ಲಗೆ ಮುಚ್ಚಿದಳು. "ಬೆಳೆಯೋ ಮಗು ಮೇಡಂ. ಒಳಗೆ ಬಟ್ಟೆ ಬಿಟ್ಟಿದೀನಿ, ಸ್ವಲ್ಪ ಸಡಿಲ ಮಾಡಿಕೊಡ್ತೀನಿ."

"ಬೇಡವೇ ಬೇಡ. ಇನ್ನೂ ಹತ್ತು ದಿನ ಇದೆ. ಅವಳೇ ಇಳಿಸ್ಕೊಳ್ಳಲಿ."

ಅವರು ಮೆಟ್ಟಿಲಿಳಿದ ಮೇಲೆ ಸೂಜಿ, "ದೊಡ್ಡಮ್ಮಾ, ತಪ್ಪು ನಂದು. ಹೇಳಿಬಿಡೋಣ," ಎಂದಳು.

"ಏನಂತ ಹೇಳ್ತೀಯೇ? ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಅಳತೆ ಹೇಳಿದ್ವಿ ಅಂತಾನಾ? ನಾಳೆಯಿಂದ ನೊಣ ಹೊಡೀತಾ ಕೂರ್ಬೇಕಾಗುತ್ತೆ. ಎರಡು ದಿನ ಪಥ್ಯ ಮಾಡಿದ್ರೆ ಹುಡುಗಿ ಏನೂ ಸವೆದುಹೋಗಲ್ಲ. ಬಾಯಿ ಮುಚ್ಕೊಂಡು ಗುಂಡಿ ಹಚ್ಚು."

ಸೂಜಿ ಗುಂಡಿ ಹಚ್ಚಿದಳು. ಒಂದು ಗುಂಡಿಯನ್ನು ತಲೆಕೆಳಗಾಗಿ ಹಚ್ಚಿ ಬಿಚ್ಚಿದಳು, ಇನ್ನೊಂದನ್ನು ತನ್ನ ಲಂಗಕ್ಕೇ ಸೇರಿಸಿ ಹೊಲಿದಳು. ಊಟಕ್ಕೆ ಕೂತರೆ ತುತ್ತು ಬಾಯಲ್ಲೇ ಸುತ್ತುತ್ತಿತ್ತು. ಈಗ ಆ ಹುಡುಗಿಯ ತಟ್ಟೆಯಲ್ಲಿ ಏನಿರಬಹುದು? ಏನಾದರೂ ಇದೆಯೋ ಇಲ್ಲವೋ? ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಆರನೇ ದಿನ ತಾಯಿ ಮಗಳು ಬಂದರು. ಹುಡುಗಿಯ ತುಟಿ ಒಣಗಿ ಒಡೆದಿತ್ತು. ಪರದೆಯ ಹಿಂದೆ ಗೌನು ಹಾಕಿಕೊಳ್ಳುವಾಗ ಅವಳು ಗೋಡೆ ಹಿಡಿದುಕೊಂಡಳು. ಸೂಜಿ ತೋಳು ಹಿಡಿದಳು. ತೋಳು ತಣ್ಣಗಿತ್ತು.

"ಏನು ತಿಂದೆ?"

"ನಿನ್ನೆ ಒಂದು ಸೇಬು. ಅಮ್ಮನಿಗೆ ಹೇಳ್ಬೇಡಿ ಅಕ್ಕ, ಅರ್ಧ ಸಾಕು ಅಂದಿದ್ರು." ಜಿಪ್ಪು ಇನ್ನೂ ನಾಲ್ಕು ಬೆರಳು ಬಾಕಿ ಇತ್ತು. "ಇನ್ನೊಂದಿಂಚು, ಅಲ್ವಾ?"

"ನೀನು ದಪ್ಪ ಆಗೇ ಇಲ್ಲ," ಎಂದಳು ಸೂಜಿ ಪಿಸುದನಿಯಲ್ಲಿ. "ಅವತ್ತೇ ಮೂವತ್ತೆರಡಿತ್ತು. ಇಲ್ಲಿ ಎಲ್ಲರಿಗೂ ಎರಡು ಕಮ್ಮಿ ಹೇಳೋದು. ನಾನು ಕೂಡಿಸಿ ಬರೀಬೇಕಿತ್ತು, ಮರೆತೆ. ಸಣ್ಣ ಆಗಿರೋದು ಗೌನು."

ಹುಡುಗಿಯ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಅದು ಇನ್ನಷ್ಟು ಬಾಡಿತು.

"ಅಂದ್ರೆ... ನಾನು ಮೊದಲಿಂದ್ಲೂ ಮೂವತ್ತೆರಡಾ?"

ಸಮಾಧಾನದ ಮಾತಾಡಿ ಸೂಜಿಗೆ ಅಭ್ಯಾಸವಿರಲಿಲ್ಲ. ಪರದೆ ಸರಿಸಿ ಹೊರಗೆ ಬಂದಳು. ಮೇಡಂ ಮುಂದೆ ನಿಂತು, ನೆಲ ನೋಡುತ್ತಲೇ, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ತನ್ನ ದನಿ ಅಷ್ಟು ದೊಡ್ಡದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. "ಅವಳಿಗೆ ತಲೆ ಸುತ್ತುತ್ತಿದೆ. ಮೊದಲು ಏನಾದ್ರೂ ತಿನ್ಸಿ," ಎಂದು ಮುಗಿಸಿದಳು.

ದೊಡ್ಡಮ್ಮನ ಮಷೀನು ನಿಂತಿತು. ಮೇಡಂ ಬಾಯಿ ತೆರೆದರು. ಬೈಗುಳ ಬರುತ್ತದೆಂದು ಸೂಜಿ ಹೆಗಲು ಕುಗ್ಗಿಸಿದಳು. ಆದರೆ ಅವರ ಕೈ ತಾನಾಗಿ ತಮ್ಮ ಸೊಂಟದ ಮೇಲೆ ಹೋಗಿತ್ತು.

"ಹಾಗಾದ್ರೆ ನಂದು?" ಎಂದರು. "ಎಂಟು ವರ್ಷದಿಂದ ಮೂವತ್ತನಾಲ್ಕು ಅಂತ..."

ಪರದೆಯ ಪಕ್ಕ ನಿಂತ ಹುಡುಗಿ ತಾಯಿಯನ್ನು ನೋಡುತ್ತಿದ್ದಳು. ಮೇಡಂ ಈಗ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

"ಅಮ್ಮಾ, ಉಸಿರಾಡು," ಎಂದಳು ಮಗಳು.

ಮೇಡಂ ಉಸಿರು ಬಿಟ್ಟರು. ಆಮೇಲೆ ಮಗಳ ತುಟಿ ನೋಡಿದರು, ಇವತ್ತೇ ಮೊದಲ ಬಾರಿ ನೋಡಿದವರಂತೆ. ಬ್ಯಾಗಿನಲ್ಲಿ ತಡಕಾಡಿ ತಮಗೆಂದು ಇಟ್ಟುಕೊಂಡಿದ್ದ ಬಿಸ್ಕತ್ತಿನ ಪೊಟ್ಟಣ ತೆಗೆದು ಅವಳತ್ತ ಚಾಚಿದರು. ಹುಡುಗಿ ತೆಗೆದುಕೊಳ್ಳಲೋ ಬೇಡವೋ ಎಂದು ನಿಂತಳು.

"ನಾಳೆಯಿಂದ ನೀನು ಪುಸ್ತಕ ಮುಟ್ಟಬೇಡ," ಎಂದಳು ದೊಡ್ಡಮ್ಮ ಹಲ್ಲು ಕಚ್ಚಿ.

"ಆಯ್ತು ದೊಡ್ಡಮ್ಮ," ಎಂದ ಸೂಜಿ ಬ್ಲೇಡು ಹುಡುಕಿ, ಹುಡುಗಿಯ ಪಕ್ಕ ಮಂಡಿಯೂರಿ, "ಅಲ್ಲಾಡದೆ ನಿಂತ್ಕೋ. ತಿನ್ನೋಕೆ ಅಡ್ಡಿಯಿಲ್ಲ," ಎಂದು ಗೌನಿನ ಪಕ್ಕದ ಹೊಲಿಗೆ ಬಿಚ್ಚತೊಡಗಿದಳು.