ಎಡಗಣ್ಣು ಎರಡು ಸಲ

ಕನ್ನಡಕದ ಅಂಗಡಿಯಲ್ಲಿ ಬೆಕ್ಕೊಂದು ಬೀಡುಬಿಡುವವರೆಗೂ ಅಕ್ಕ ತಮ್ಮನದು ಸದ್ದಿಲ್ಲದ ಸಂಸಾರ. ಅಂಗಡಿ ನೋಡಿಕೊಳ್ಳುವವನು ತಮ್ಮ. ವಯಸ್ಸು ನಲವತ್ತೈದು ದಾಟಿದ್ದರೂ, ಯಾರಾದರೂ ಮದುವೆಯ ಮಾತೆತ್ತಿದರೆ ಲೆನ್ಸ್ ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಎದ್ದು ಹೋಗುವಷ್ಟು ನಾಚಿಕೆಯವನು. ಅಕ್ಕ ಟೆಲಿಫೋನ್ ಆಪರೇಟರಾಗಿ ನಿವೃತ್ತಳಾದವಳು. ಈಗ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂತು, ಮೊಬೈಲನ್ನು ತೋಳುದ್ದ ದೂರ ಹಿಡಿದು ವಿಡಿಯೊ ನೋಡುವುದೇ ಅವಳ ಕೆಲಸ. ಸುತ್ತ ನೂರಾರು ಕನ್ನಡಕಗಳಿದ್ದರೂ ಒಂದನ್ನೂ ಮೂಗಿಗೇರಿಸಿದವಳಲ್ಲ. "ನಂಗಿನ್ನೂ ಅಷ್ಟು ವಯಸ್ಸಾಗಿಲ್ಲ" ಎಂದು ಅವಳ ಪಟ್ಟು.

ಬೆಕ್ಕು ಬಂದದ್ದು ಹಿಂದಿನ ಕಿಟಕಿಯಿಂದ. ಬೂದು ಬಣ್ಣ, ಅಗಲ ಮುಖ, ಯಾರನ್ನೂ ಲೆಕ್ಕಕ್ಕಿಡದ ನಡಿಗೆ. ನೋಡನೋಡುತ್ತಲೇ "ಸಾಹೇಬ" ಎನ್ನಿಸಿಕೊಂಡಿತು. ಕಿಟಕಿಯ ಪಕ್ಕದ ಶೆಲ್ಫಿನ ಮೇಲೇರಿ, ತಮ್ಮನ ಮುಖವನ್ನೇ ದಿಟ್ಟಿಸುತ್ತ, ಸಾಲಾಗಿ ಜೋಡಿಸಿಟ್ಟ ಫ್ರೇಮುಗಳನ್ನು ಪಂಜದಿಂದ ಒಂದೊಂದಾಗಿ ಕೆಳಕ್ಕೆ ತಳ್ಳುತ್ತಿತ್ತು. ತಮ್ಮ ಹೆಕ್ಕಿ ಇಡುವುದು, ಸಾಹೇಬ ಮತ್ತೆ ತಳ್ಳುವುದು.

"ಬಾರೋ ಇಲ್ಲಿ, ಇದಕ್ಕೆ ಕಾರಣ ಸಿಕ್ತು" ಎಂದು ಅಕ್ಕ ಒಂದು ದಿನ ಕೂಗಿದಳು.

ಮೊಬೈಲಿನಲ್ಲಿ ಬಿಳಿ ಕೋಟು ತೊಟ್ಟ, ಕೊರಳಿಗೆ ಸ್ಟೆಥಸ್ಕೋಪ್ ಹಾಕಿಕೊಂಡ ಗುಂಡು ಮುಖದವನೊಬ್ಬ ಗಂಭೀರವಾಗಿ ಹೇಳುತ್ತಿದ್ದ: "ಕಣ್ಣು ಮಿಟುಕಿಸದೆ ನೋಡುವ ಬೆಕ್ಕು ನಿಮ್ಮಿಂದ ಮನೆ ಖಾಲಿ ಮಾಡಿಸುವ ಯೋಚನೆಯಲ್ಲಿದೆ. ವಸ್ತು ಕೆಳಗೆ ಬೀಳಿಸಿದರೆ ಅದು ಮೊದಲ ನೋಟೀಸು. ಮಡಿಲಲ್ಲಿ ಕೂತು ಗುರುಗುಟ್ಟಿದರೆ ಪಕ್ಕದ ಬೀದಿಯ ಬೆಕ್ಕಿಗೆ ನಿಮ್ಮ ಮೇಲೆ ಚಾಡಿ ಹೇಳುತ್ತಿದೆ. ಮುಂಗಾಲಿನಿಂದ ನಿಮ್ಮ ಹೊಟ್ಟೆ ಒತ್ತಿದರೆ, ನೀವು ಎಷ್ಟು ಹೊತ್ತಿನ ಊಟಕ್ಕೆ ಸಾಲುತ್ತೀರಿ ಎಂದು ಅಂದಾಜು ಮಾಡುತ್ತಿದೆ."

"ಅಯ್ಯೋ, ನಿನ್ನೆ ತಾನೇ ನನ್ನ ಹೊಟ್ಟೆ ಒತ್ತಿತಲ್ಲೋ!" ಅಕ್ಕ ಸೆರಗು ಬಿಗಿ ಮಾಡಿಕೊಂಡಳು.

"ಇವನ ಮಾತು ನಂಬೋದೇನಕ್ಕ?"

"ನಂಗೆ ಹೇಳ್ಬೇಡ. ಜೀವನ ಪೂರ್ತಿ ಜನರ ದನಿ ಕೇಳಿದೋಳು ನಾನು. ಸುಳ್ಳು ಹೇಳೋನ ದನಿ ಹೀಗಿರಲ್ಲ."

ಪರಿಹಾರವೂ ಆ ಮಹಾಶಯನ ಬಳಿಯೇ ಇತ್ತು. ಬೆಕ್ಕಿನ ಎದುರು ಎಡಗಣ್ಣನ್ನು ಎರಡು ಸಲ ಹೊಡೆದು, ಕೆನ್ನೆ ಉಬ್ಬಿಸಿ, ತಲೆಯನ್ನು ಮೆಲ್ಲಗೆ ವಾಲಿಸಬೇಕು. ಬೆಕ್ಕಿನ ಭಾಷೆಯಲ್ಲಿ ಅದಕ್ಕೆ "ಬಾಡಿಗೆಗಾದರೂ ಇರಲು ಬಿಡಿ" ಎಂದು ಅರ್ಥವಂತೆ.

ತಮ್ಮ ಮೂಗು ಮುರಿದ. ಆದರೆ ಮರುದಿನ ಬೆಳಿಗ್ಗೆ ಹೊಸ ಫ್ರೇಮೊಂದರ ಕಾಲು ಮುರಿದಾಗ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಣ್ಣು ಹೊಡೆದ, ಕೆನ್ನೆ ಉಬ್ಬಿಸಿದ, ತಲೆ ವಾಲಿಸಿದ. ಸಾಹೇಬ ಬಾಯಿ ತುಂಬ ಆಕಳಿಸಿ, ಸುರುಳಿ ಸುತ್ತಿ ಮಲಗಿಬಿಟ್ಟ. ಅಂದೆಲ್ಲ ಒಂದು ಫ್ರೇಮೂ ಬೀಳಲಿಲ್ಲ. ಅಲ್ಲಿಗೆ ತಮ್ಮನ ಅನುಮಾನದ ಕತೆ ಮುಗಿಯಿತು. ಆಮೇಲೆ ಸಾಹೇಬನ ಕಣ್ಣು ತನ್ನ ಮೇಲೆ ಬಿದ್ದಾಗಲೆಲ್ಲ ಅವನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳತೊಡಗಿತು.

ಹೀಗಿರುವಾಗ ಸಿಟಿ ಬಸ್ಸಿನ ಡ್ರೈವರಮ್ಮ ಅಂಗಡಿಗೆ ಬಂದಳು. ಖಾಕಿ ಅಂಗಿ, ಗಟ್ಟಿ ದನಿ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು, ಆದರೆ ಕೈಯಲ್ಲಿ ಹಿಡಿದ ಪೇಪರಿನ ಅಕ್ಷರಗಳು ಕಲಸಿಕೊಳ್ಳುತ್ತಿದ್ದವು. ತಮ್ಮ ಅವಳನ್ನು ಕೂರಿಸಿ, ಪರೀಕ್ಷೆಯ ದಪ್ಪ ಫ್ರೇಮನ್ನು ಮೂಗಿನ ಮೇಲಿಟ್ಟು, ಓದುವ ಕಾರ್ಡು ಕೈಗೆ ಕೊಟ್ಟ. ಒಂದಾದ ಮೇಲೊಂದು ಗಾಜು ಬದಲಿಸುತ್ತ, "ಇದು ಸ್ಪಷ್ಟವಾ? ಈಗ ಹೇಗಿದೆ?" ಎಂದು ಕೇಳುತ್ತ ಹೋದ.

ಅವಳ ಬೆನ್ನ ಹಿಂದಿನ ಶೆಲ್ಫಿನ ಮೇಲೆ ಸಾಹೇಬ ಪ್ರತ್ಯಕ್ಷನಾದ. ಅಂಗಡಿಯಲ್ಲೇ ಬಹಳ ಬೆಲೆಯ ಫ್ರೇಮಿನ ಮೇಲೆ ಪಂಜ ಇಟ್ಟು ತಮ್ಮನನ್ನೇ ನೋಡಿದ.

ತಮ್ಮ ಸರಿಯಾದ ಗಾಜನ್ನು ಕೂರಿಸಿದ್ದೂ, ಡ್ರೈವರಮ್ಮ ಕಾರ್ಡಿನಿಂದ ತಲೆಯೆತ್ತಿದ್ದೂ ಒಂದೇ ಗಳಿಗೆ. ಅಲ್ಲಿಯವರೆಗೆ ಮಸುಕಾಗಿದ್ದ ಮುಖ ಅವಳಿಗೆ ಥಟ್ಟನೆ ನಿಚ್ಚಳವಾಗಿ ಕಂಡಿತು. ಆ ಮುಖ ಅವಳತ್ತ ಬಾಗಿ ಎಡಗಣ್ಣು ಹೊಡೆಯುತ್ತಿತ್ತು, ಅದೂ ಎರಡು ಸಲ. ಅದರ ಮೇಲೆ ಕೆನ್ನೆ ಬೇರೆ ಉಬ್ಬಿತು.

"ಏನ್ರೀ ಇದು?"

"ನಿಮಗಲ್ಲ... ಬೆಕ್ಕಿಗೆ..."

ಅವಳು ಹಿಂತಿರುಗಿ ನೋಡಿದಳು. ಬೆಕ್ಕೂ ಇಲ್ಲ, ಬೆಕ್ಕಿನ ಬಾಲವೂ ಇಲ್ಲ. ಸಾಹೇಬ ಆಗಲೇ ಕಿಟಕಿ ಹಾರಿ ಹೋಗಿದ್ದ.

"ನನ್ನ ಬಸ್ಸಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನಡುದಾರೀಲಿ ಇಳಿಸಿಬಿಡ್ತೀನಿ, ಗೊತ್ತಾಯ್ತಾ? ಕನ್ನಡಕ ಯಾವಾಗ ಕೊಡ್ತೀರಿ?"

"ಶುಕ್ರವಾರ" ಎಂದ ತಮ್ಮ, ಸತ್ತ ದನಿಯಲ್ಲಿ.

ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ. ಅಕ್ಕ ಆ ಬಿಳಿ ಕೋಟಿನವನ ವಿಡಿಯೊಗಳನ್ನೆಲ್ಲ ಜಾಲಾಡಿ, "ಹೆಂಗಸರು ಸಿಟ್ಟಾದ್ರೆ ಏನು ಮಾಡ್ಬೇಕು ಅಂತ ಇವ್ನು ಎಲ್ಲೂ ಹೇಳಿಲ್ವಲ್ಲೋ" ಎಂದು ಪೇಚಾಡಿದಳು.

ಶುಕ್ರವಾರ ಡ್ರೈವರಮ್ಮ ಬಂದಾಗ ತಮ್ಮ ಒಳಗಿನ ಪರದೆಯ ಹಿಂದೆ ಅಡಗಿಕೊಂಡ. ಅಕ್ಕನೇ ಮುಂದೆ ಬಂದಳು.

"ನೋಡಮ್ಮ, ನನ್ನ ತಮ್ಮ ಹಸುವಿನಂಥೋನು. ಕಣ್ಣು ಹೊಡೆಯೋಕೆ ಹೇಳ್ಕೊಟ್ಟೋಳು ನಾನು. ಬೇಕಿದ್ರೆ ಇದನ್ನ ನೋಡು."

ಡ್ರೈವರಮ್ಮ ಹೊಸ ಕನ್ನಡಕ ಹಾಕಿಕೊಂಡು ಮೊಬೈಲ್ ನೋಡಿದಳು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ತುಟಿ ಅದುರಿತು.

"ಅಯ್ಯೋ, ಇವ್ನು ನನ್ನ ಬಸ್ಸಿಗೆ ದಿನಾ ಹತ್ತೋನಲ್ವಾ! ನಾಟಕದಲ್ಲಿ ಹಾಸ್ಯಪಾತ್ರ ಮಾಡ್ತಾನೆ. ಎಂಥ ಡಾಕ್ಟರು? ಬೆಕ್ಕಿನ ಕೂದಲು ಸೋಕಿದ್ರೆ ಸೀನೋ ಆಸಾಮಿ! ಮತ್ತೆ ಇಲ್ಲಿ ಕೆಳಗೆ ಬರೆದಿದೆಯಲ್ಲ, ನೋಡ್ಲಿಲ್ವಾ?"

"ಏನು ಬರೆದಿದೆ?"

"'ನಗೋದಕ್ಕೆ ಮಾತ್ರ. ಇದರಲ್ಲಿ ಒಂದು ಮಾತೂ ನಿಜವಲ್ಲ.'"

ಅಕ್ಕ ಮೊಬೈಲನ್ನು ಹತ್ತಿರ ತಂದಳು, ದೂರ ಹಿಡಿದಳು, ಮತ್ತಷ್ಟು ದೂರ ಹಿಡಿದಳು. ಡ್ರೈವರಮ್ಮ ತನ್ನ ಕನ್ನಡಕ ತೆಗೆದು ಮೆಲ್ಲಗೆ ಅವಳ ಮೂಗಿನ ಮೇಲಿಟ್ಟಳು. ಅಕ್ಕ ಸಾಲನ್ನು ಓದಿದಳು, ಇನ್ನೊಮ್ಮೆ ಓದಿದಳು. ಅಷ್ಟರಲ್ಲಿ ಪರದೆಯಿಂದ ಹೊರಬಂದು ಪಕ್ಕದಲ್ಲೇ ಬಗ್ಗಿ ನಿಂತಿದ್ದ ತಮ್ಮನತ್ತ ತಿರುಗಿದಳು.

"ಲೋ, ನಿನ್ನ ಮೀಸೆ ಯಾವಾಗ ಇಷ್ಟು ಬೆಳ್ಳಗಾಯ್ತೋ?"

ಡ್ರೈವರಮ್ಮ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಗಲ್ಲಾಪೆಟ್ಟಿಗೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಮ್ಮನಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಮುಖ ದಪ್ಪ ಮಾಡಿಕೊಂಡು, "ಹಾಗಾದ್ರೆ ಆ ಬೆಕ್ಕು ಯಾಕೆ ಎಲ್ಲಾ ಬೀಳಿಸುತ್ತೆ, ಹೇಳಿ ನೋಡೋಣ" ಎಂದಳು.

"ಯಾರಿಗೆ ಗೊತ್ತಮ್ಮ? ಅಲ್ಲಿ ಬಿಸಿಲು ಬೀಳುತ್ತೆ, ಮಲಗೋಕೆ ಜಾಗ ಬೇಕೇನೋ."

ತಮ್ಮ ಫ್ರೇಮುಗಳನ್ನು ಬೇರೆ ಗೋಡೆಗೆ ಸಾಗಿಸಿದ. ಖಾಲಿ ಶೆಲ್ಫಿನ ಮೇಲೆ ಸಾಹೇಬ ನಾಲ್ಕು ಕಾಲು ಚಾಚಿ ಮಲಗಿದ. ನಿಜವಾದ ಕಾರಣ ಅದೇ ಹೌದೋ ಅಲ್ಲವೋ, ಬೀಳಿಸುವುದಕ್ಕಂತೂ ಏನೂ ಉಳಿದಿರಲಿಲ್ಲ.

ಮುಂದಿನ ವಾರ ಡ್ರೈವರಮ್ಮ ಕನ್ನಡಕದ ಸ್ಕ್ರೂ ಸಡಿಲವಾಗಿದೆಯೆಂದು ಬಂದಳು. ಸ್ಕ್ರೂ ಗಟ್ಟಿಯಾಗಿಯೇ ಇತ್ತು. ತಮ್ಮ ಅದನ್ನು ಪೂರ್ತಿ ಬಿಚ್ಚಿ, ನಿಧಾನವಾಗಿ ಮತ್ತೆ ಬಿಗಿದುಕೊಟ್ಟ. ಅದರ ಮುಂದಿನ ವಾರ ಮೂಗಿನ ಮೇಲೆ ಒತ್ತುತ್ತದೆಯೆಂದು ಬಂದಳು. ಈ ಸಲ ಅವನು ಚಹಾ ತರಿಸಿದ. ತನ್ನದೇ ಹೊಸ ಕನ್ನಡಕದೊಳಗಿಂದ ಅಕ್ಕ ಎಲ್ಲವನ್ನೂ ನೋಡುತ್ತ, ಏನೂ ಕಾಣದವಳಂತೆ ಕೂತಿದ್ದಳು.

ರಜೆಯ ದಿನವೊಂದರಂದು ತಮ್ಮ ಡ್ರೈವರಮ್ಮನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೂ ಹೋದ. ಜನರೆಲ್ಲ ಇಳಿದ ಮೇಲೆ ಅವಳು ಎಂಜಿನ್ ನಿಲ್ಲಿಸಿ, ಡಬ್ಬಿ ತೆಗೆದು, ಬೇಯಿಸಿದ ಮೊಟ್ಟೆಯೊಂದನ್ನು ಅವನ ಕೈಗಿಟ್ಟಳು.

"ಅಂಗಡಿ ಮುಚ್ಚಿದ ಮೇಲೆ ಏನ್ಮಾಡ್ತೀರಿ?"

"ಸುಮ್ನೆ ಕೂತಿರ್ತೀನಿ."

"ಈಜು ಬರುತ್ತಾ?"

"ಇಲ್ಲ."

"ಭಾನುವಾರ ನಾನು ಈಜುಕೊಳಕ್ಕೆ ಹೋಗ್ತೀನಿ. ಬರ್ತೀರಾ?"

ನೀರೆಂದರೆ ಬೆವರುವ ಮನುಷ್ಯ "ಹೂಂ" ಎಂದುಬಿಟ್ಟ.

ಭಾನುವಾರ ಅವನು ಎದೆಮಟ್ಟದ ನೀರಿನಲ್ಲಿ, ಕೊಳದ ಅಂಚನ್ನು ಎರಡೂ ಕೈಯಿಂದ ಅಪ್ಪಿ ನಿಂತಿದ್ದ. ದಡದ ಬೆಂಚಿನ ಮೇಲೆ ಟವೆಲ್ ಹಿಡಿದು ಕೂತ ಅಕ್ಕ, "ಉಸಿರು ಹಿಡ್ಕೊಳೋ! ಕಾಲು ಬಡಿಯೋ!" ಎಂದು ಇಡೀ ಕೊಳಕ್ಕೆ ಕೇಳಿಸುವಂತೆ ಕಿರುಚುತ್ತಿದ್ದಳು. ಎದುರಿಗೆ ಡ್ರೈವರಮ್ಮ ಎರಡೂ ಕೈ ಚಾಚಿ ನಿಂತಿದ್ದಳು.

"ಬನ್ನಿ, ಬಿಡಿ ಕೈ!"

ಬಿಟ್ಟ. ಮುಳುಗಿದ. ಮೂಗಿಗೆ ಬಾಯಿಗೆ ನೀರು ತುಂಬಿಕೊಂಡು, ಅವಳ ತೋಳು ಹಿಡಿದು ಮೇಲೆದ್ದ. ಕೆಮ್ಮು ನಿಂತ ಕೂಡಲೇ, "ಇನ್ನೊಂದ್ಸಲ" ಎಂದ.