ಉಚ್ಚಂಗೆಮ್ಮನ ವಯಸ್ಸು ಎಷ್ಟು?

ನಮ್ಮ ಕಡೆ ಶಾಲೆಗೆ ಹೋದ ಮಕ್ಕಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಜೂನ್ ಒಂದನೇ ತಾರೀಖು. ನಂಬಿಕೆ ಇಲ್ಲದಿದ್ದರೆ ಯಾವ ಶಾಲೆಯ ದಾಖಲಾತಿ ಪುಸ್ತಕವನ್ನಾದರೂ ತೆಗೆದು ನೋಡಿ. ಅಪ್ಪ ಮಗುವನ್ನು ಕೈಹಿಡಿದು ಕರಕೊಂಡು ಬರುತ್ತಾನೆ. "ಯಾವಾಗ ಹುಟ್ಟಿದ್ದಪ್ಪಾ?" ಅಂತ ಮೇಷ್ಟ್ರು ಕೇಳುತ್ತಾರೆ. "ಸೇಂಗಾ ಕೀಳೋ ಮುಂದ್ರಿ" ಅನ್ನುತ್ತಾನೆ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಅಂತ ಲೆಕ್ಕ. ಮೇಷ್ಟ್ರು ಜೂನ್ ಒಂದು ಅಂತ ಬರೆದುಬಿಡುತ್ತಾರೆ. ಅವತ್ತಿಗೆ ಎಲ್ಲರಿಗೂ ಸುಲಭ. ಕಷ್ಟ ಬರುವುದು ಆಮೇಲೆ.

ಕೊಟ್ಟೂರಿನ ಅಂಚಿಗೆ, ಮನೆಗಳು ಮುಗಿದು ಹೊಲ ಶುರುವಾಗುವಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ. 2003ರಲ್ಲಿ ಅಲ್ಲಿ ಅಂಥದೊಂದು ಕಷ್ಟ ಬಂತು. ಶಾಲೆಗೆ ಮೂರು ಕಡೆ ಗೋಡೆ, ನಾಲ್ಕನೇ ಕಡೆ ಬರೀ ಜಾಲಿ. ಆ ಜಾಲಿಮುಳ್ಳು ಆರಿಸಿ ಹುಡುಗಿಯರೇ ಬಯಲು ಮಾಡಿಕೊಂಡು ಖೋಖೋ ಆಡುತ್ತಿದ್ದರು. ಆಟದ ಮೇಷ್ಟ್ರು ಬಸವೇಶ್ ಅವರಿಗೆ ಆ ತಂಡವೆಂದರೆ ಪ್ರಾಣ. ತಂಡಕ್ಕೆ ಪ್ರಾಣ ಎಂಟನೇ ತರಗತಿಯ ಉಚ್ಚಂಗೆಮ್ಮ. ಪಕ್ಕದ ಹಳ್ಳಿಯ ಕುರಿ ಸಾಕುವ ಹಾಲೇಶಪ್ಪನ ಮಗಳು. ಕಂಬದ ಹತ್ತಿರ ಅವಳು ಬೆನ್ನು ಹತ್ತಿದರೆ ಯಾರೂ ಉಳಿಯುತ್ತಿರಲಿಲ್ಲ.

ಕೂಡ್ಲಿಗಿಯಲ್ಲಿ ನಡೆದ ತಾಲ್ಲೂಕು ಪಂದ್ಯದಲ್ಲಿ ಈ ಹುಡುಗಿಯರು ಗೆದ್ದರು. ಸೋತವರು ಸುಮ್ಮನೆ ಮನೆಗೆ ಹೋಗಲಿಲ್ಲ. "ಹದಿನಾಲ್ಕರ ಒಳಗಿನ ಆಟ ಇದು. ಆ ಉದ್ದನೆ ಹುಡುಗಿಗೆ ಹದಿನಾರು ಆಗೇತಿ, ಬರೆದು ಕೊಡ್ತೀವಿ" ಎಂದು ದೂರು ಕೊಟ್ಟರು. ಶಾಲೆಯ ಪುಸ್ತಕ ತೋರಿಸಿದರೆ ಅದರಲ್ಲಿ 1-6-1990 ಅಂತ ಇತ್ತು. ತಂಡದ ಇನ್ನೂ ಐದು ಹುಡುಗಿಯರಿಗೂ ಜೂನ್ ಒಂದೇ. ಅಧಿಕಾರಿಗಳು ನಕ್ಕರು. ಬರುವ ಸೋಮವಾರದೊಳಗೆ ಜನನ ಪತ್ರ ತರಬೇಕು, ತರದಿದ್ದರೆ ಗೆದ್ದದ್ದೂ ಹೋಗುತ್ತದೆ ಅಂದರು.

ಹಾಲೇಶಪ್ಪ ಗ್ರಾಮ ಲೆಕ್ಕಿಗರ ಹತ್ತಿರ ಹೋಗಿ ಬಂದ. ಮರುದಿನ ಶಾಲೆಗೆ ಬಂದು ನಾಲ್ಕು ಮಡಿಕೆ ಮಾಡಿದ ಕಾಗದ ಕೊಟ್ಟ. ಬಸವೇಶ್ ಮೇಷ್ಟ್ರು ಬಿಡಿಸಿ ಓದಿದರು. ಇನ್ನೊಮ್ಮೆ ಓದಿದರು.

"ಹಾಲೇಶಪ್ಪ, ಇದರಾಗ ಎಂಬತ್ತೆಂಟನೇ ಇಸವಿ ಐತಲ್ಲೋ. ಅಂದ್ರ ನಿನ್ನ ಮಗಳಿಗೆ ಹದಿನೈದು."

"ಅದೆಂಗ್ರೀ?"

"ಅದನ್ನ ನೀನು ಹೇಳ್ಬೇಕು. ಶಾಲಿಗೆ ಸೇರಿಸೋವಾಗ ಎರಡು ವರ್ಷ ಕಡಿಮಿ ಹೇಳಿದಿ ಏನು?"

"ನಾ ಯಾಕ ಸುಳ್ಳು ಹೇಳ್ಲಿ? ನೀವ ಏನರ ತಿದ್ದಿದ್ರ ನನಗೇನು ಗೊತ್ರಿ, ಓದು ಬಾರದಾಂವ ನಾನು" ಎಂದು ಹಾಲೇಶಪ್ಪ ದನಿ ಏರಿಸಿದ. ಆದರೆ ಅವನ ಮುಖ ಬಿಳುಚಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗಿತ್ತು ಅವನ ಸಿಟ್ಟು. ಮೇಷ್ಟ್ರಿಗೆ ಅದು ಕಾಣಿಸಿತು.

ಅಲ್ಲಿಂದ ಶುರುವಾಯಿತು ಅನುಮಾನ. ಮೇಷ್ಟ್ರಿಗೆ ಅಪ್ಪನ ಮೇಲೆ, ಅಪ್ಪನಿಗೆ ಮೇಷ್ಟ್ರ ಮೇಲೆ. ಗ್ರಾಮ ಲೆಕ್ಕಿಗರನ್ನು ಎದುರಾಳಿಗಳು ಬುಟ್ಟಿಗೆ ಹಾಕಿಕೊಂಡಿದ್ದಾರೆ ಅಂತ ಚಹಾದಂಗಡಿಯವರು ಹೇಳಿದರು. ಮದುವೆ ಮಾಡೋಕೆ ವಯಸ್ಸು ಮುಚ್ಚಿಟ್ಟಿದ್ದಾರೆ ಅಂತ ನಲ್ಲಿಯ ಹತ್ತಿರದವರು ಹೇಳಿದರು. ವಯಸ್ಸು ಕಡಿಮೆ ಮಾಡಿದರೆ ಮದುವೆಗೆ ಏನು ಲಾಭ ಅಂತ ಯಾರೂ ಯೋಚಿಸಲಿಲ್ಲ. ಮಾತಿಗೆ ಲಾಭ ಬೇಕೇ?

ತಂಡದ ಹುಡುಗಿಯರೂ ಅಷ್ಟೆ. ಖೋಖೋದಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂರಬೇಕು. ಉಚ್ಚಂಗೆಮ್ಮನ ಪಕ್ಕದ ಚೌಕದಲ್ಲಿ ಕೂರಲು ಅವತ್ತು ಯಾರೂ ಮುಂದೆ ಬರಲಿಲ್ಲ. "ಅಕ್ಕಾರ, ನೀವು ದೊಡ್ಡೋರು, ನೀವ ಮೊದಲು ಕುಂದರ್ರಿ" ಎಂದು ಒಬ್ಬಳು ಅಂದಳು. ಉಳಿದವರು ನಕ್ಕರು. ಹುಡುಗಿ ಚೀಲ ತಗೊಂಡು ಮನೆಗೆ ನಡೆದಳು.

ಅವ್ವ ಕರಿಯಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನನಗ ಎಷ್ಟು ವರ್ಷ?"

ಕರಿಯಕ್ಕನ ಕೈ ನಿಂತಿತು. ಗಂಡನ ಮುಖ ನೋಡಿದಳು. ಹಾಲೇಶಪ್ಪ ಎದ್ದು ಕುರಿ ನೋಡಲು ಹೋದ. ಅಪ್ಪ ಅವ್ವ ಏನೋ ಮುಚ್ಚಿಡುತ್ತಿದ್ದಾರೆ ಅಂತ ಹುಡುಗಿಗೆ ಖಾತ್ರಿಯಾಯಿತು. ನಾನು ಇವರ ಮಗಳೇ ಅಲ್ಲವೋ ಏನೋ ಅನ್ನುವಷ್ಟು ದೂರ ಅವಳ ಮನಸ್ಸು ಹೋಯಿತು. ಪಾಪ, ಎಂಟನೇ ತರಗತಿಯ ಹುಡುಗಿ ಇನ್ನೇನು ಯೋಚಿಸಬೇಕು?

ಮಾರನೇ ದಿನ ಹುಡುಗಿ ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನ ಅಂಗನವಾಡಿಯ ಗುರುಬಸಮ್ಮ ಬಂದರು. ಹಳ್ಳಿಗೆ ಅಂಗನವಾಡಿ ಬಂದಾಗಿನಿಂದ ಅವರೇ ಇರುವುದು. ಕಂಕುಳಲ್ಲಿ ಒಂದು ಹಳೇ ರಟ್ಟಿನ ಪುಸ್ತಕ. ಹಾಲೇಶಪ್ಪ ಅವರನ್ನೂ ಅನುಮಾನದಿಂದಲೇ ನೋಡಿದ.

"ನಿಮ್ಮನ್ನ ಮೇಷ್ಟ್ರು ಕಳಿಸ್ಯಾರೇನ್ರಿ ಅಕ್ಕಾರ?"

"ನನ್ನನ್ನ ಯಾರೂ ಕಳಿಸಿಲ್ಲಪ್ಪಾ. ನನ್ನ ಪುಸ್ತಕ ಕಳಿಸೇತಿ. ಕುಂದ್ರು, ಓದ್ತೀನಿ ಕೇಳು. ತೊಂಬತ್ತನೇ ಇಸವಿ, ನಾಗರ ಪಂಚಮಿ ಆದ ಮೂರನೇ ದಿನ ಹುಟ್ಟಿದ್ದು. ತಾಯಿ ಕರಿಯಕ್ಕ. ಕೂಸಿನ ಹೆಸರು, ಎರಡನೇ ಉಚ್ಚಂಗೆಮ್ಮ. ನಾನ ಹಿಂಗ ಬರಕೊಂಡೀನಿ. ಮೊದಲನೆಯಾಕಿ ಎಲ್ಲಿ ಹೋದ್ಲು ಅಂತ ನಿನ್ನ ಮಗಳಿಗೆ ನೀ ಹೇಳ್ತೀಯೋ, ನಾ ಹೇಳ್ಲೋ?"

ಕರಿಯಕ್ಕ ಮಾತಾಡಿದಳು. ಹದಿನಾಲ್ಕು ವರ್ಷ ಆ ಮಾತು ಅವಳ ಗಂಟಲಲ್ಲೇ ಇತ್ತು.

"ನಿನಗೊಬ್ಬಾಕಿ ಅಕ್ಕ ಇದ್ಲವ್ವಾ. ಐದು ವರ್ಷ ಮಕ್ಕಳಾಗ್ಲಿಲ್ಲ ಅಂತ ಉಚ್ಚಂಗೆಮ್ಮ ದೇವಿಗೆ ಹರಕಿ ಹೊತ್ತಿದ್ವಿ. ಹುಟ್ಟಿದ್ಲು. ದೇವಿ ಹೆಸರ ಇಟ್ವಿ. ಎಂಟು ತಿಂಗಳಿಗೆ ವಾಂತಿಭೇದಿ ಬಂದು ಹೋಗಿಬಿಟ್ಲು. ಆಮ್ಯಾಲೆ ನೀ ಬಂದಿ. ಹರಕಿ ಹೆಸರು ಬಿಡಬಾರದು ಅಂತ ಹಿರೇರು ಅಂದ್ರು. ನಿನಗೂ ಅದ ಹೆಸರು ಇಟ್ವಿ. ಹೋದ ಕೂಸಿನ ಮಾತು ಇದ್ದ ಕೂಸಿನ ಮುಂದ ಎತ್ತಬಾರದು ಅಂತ ನಿಮ್ಮಪ್ಪ ನನ್ನ ಬಾಯಿ ಕಟ್ಟಿದ."

"ಮೊದಲನೆಯಾಕಿ ಹುಟ್ಟಿದಾಗ ಖುಷಿಲೆ ಓಡಿಹೋಗಿ ಬರೆಸಿದ್ದೆ ರೀ" ಎಂದ ಹಾಲೇಶಪ್ಪ, ನೆಲ ನೋಡುತ್ತ. "ಮಂಡಕ್ಕಿ ಬೆಲ್ಲ ಹಂಚಿದ್ದೆ. ಬರೆಸಿದ್ಕ ಕಣ್ಣು ಬಿತ್ತು, ಕೂಸು ಉಳೀಲಿಲ್ಲ ಅಂತ ತಿಳಕೊಂಡೆ. ಇಕಿನ್ನ ಬರೆಸ್ಲೇ ಇಲ್ಲ. ಮೊನ್ನೆ ಲೆಕ್ಕಿಗರು ಪುಸ್ತಕದಾಗ ಹೆಸರು ಹುಡುಕಿ, ಐತಲ್ಲಪ್ಪಾ ಅಂದು ಕಾಗದ ಕೊಟ್ರು. ಹೆಸರು ಅದ, ಅಪ್ಪ ಅವ್ವ ಅವರ. ನಡೀತೈತಿ ಅಂದ್ಕೊಂಡೆ. ಇಸವಿ ನನಗೆಲ್ಲಿ ಓದಾಕ ಬರತೈತಿ?"

"ಕಣ್ಣು ಬೀಳಲಿಲ್ಲಪ್ಪಾ, ಭೇದಿ ಆತು. ಬರೆಸಿದ್ಕ ಸಾಯೋದಾದ್ರ ಊರಾಗ ಒಬ್ಬರೂ ಉಳೀತಿರಲಿಲ್ಲ. ಸತ್ತಾಗ ಅದನ್ನೂ ಬರೆಸಿದ್ಯಾ?" ಎಂದು ಗುರುಬಸಮ್ಮ ಕೇಳಿದರು.

"ಸತ್ತ ಕೂಸಿಗೆ ಕಾಗದ ಯಾಕ್ರಿ? ಆಸ್ತಿ ಐತಾ, ಪಾಸ್ತಿ ಐತಾ?"

"ಅದಕ್ಕ ನೋಡು ಈಗ ಹಿಂಗಾಗೇತಿ. ಸರ್ಕಾರದ ಪುಸ್ತಕದಾಗ ಸತ್ತಾಕಿ ಇನ್ನೂ ಬದುಕ್ಯಾಳ. ಬದುಕಿದಾಕಿ ಹುಟ್ಟೇ ಇಲ್ಲ."

ಹಾಲೇಶಪ್ಪ ಮಗಳ ಕಡೆ ನೋಡಿದ. ಎದುರಿಗೇ ನಿಂತಿದ್ದಳು, ಮೊಣಕಾಲ ಮೇಲೆ ಖೋಖೋ ಆಡಿ ತರಚಿದ ಗಾಯ. ಹುಟ್ಟೇ ಇಲ್ಲ ಅನ್ನುವ ಮಾತು ಅವನಿಗೆ ಚುಚ್ಚಿತು. ಟವಲಿನಿಂದ ಕಣ್ಣು ಒರೆಸಿಕೊಂಡ.

ಸೋಮವಾರ ಎಲ್ಲರೂ ಕೂಡ್ಲಿಗಿಗೆ ಹೋದರು. ಅಧಿಕಾರಿಗಳು ಅಂಗನವಾಡಿ ಪುಸ್ತಕ ನೋಡಿದರು, ಗುರುಬಸಮ್ಮನ ಮಾತು ಕೇಳಿದರು. ಮೋಸ ನಡೆದಿಲ್ಲ ಎಂದು ಒಪ್ಪಿ, ಗೆದ್ದದ್ದನ್ನು ಉಳಿಸಿದರು. ಆದರೆ ಜನನ ಪತ್ರ ಇಲ್ಲದೆ ಈ ಹುಡುಗಿ ಜಿಲ್ಲಾ ಪಂದ್ಯ ಆಡುವ ಹಾಗಿಲ್ಲ ಅಂದರು. ಹುಟ್ಟಿ ವರ್ಷ ದಾಟಿದ ಮೇಲೆ ಬರೆಸಬೇಕಾದರೆ ನ್ಯಾಯಾಲಯದ ಆದೇಶ ಬೇಕು. ಜಿಲ್ಲಾ ಪಂದ್ಯಕ್ಕೆ ಉಳಿದಿದ್ದು ಹತ್ತೇ ದಿನ.

ಹೊರಗೆ ಬಂದು ಬಸವೇಶ್ ಮೇಷ್ಟ್ರು ಹಾಲೇಶಪ್ಪನ ಕೈ ಹಿಡಿದರು. "ನಿನ್ನ ಮ್ಯಾಲೆ ಅನುಮಾನ ಪಟ್ಟೆ. ತಪ್ಪಾತು."

"ನಾನೂ ಪಟ್ಟೀನಿ ಬಿಡ್ರಿ ಸರ. ತಪ್ಪು ನಂದ ಇತ್ತು."

ಉಚ್ಚಂಗೆಮ್ಮ ಇಲ್ಲದ ತಂಡ ಬಳ್ಳಾರಿಗೆ ಹೋಯಿತು, ಎರಡು ಅಂಕದಿಂದ ಸೋತು ಬಂತು. ಕಂಬದ ಹತ್ತಿರ ಯಾರೂ ಇರಲಿಲ್ಲ ಅಂತ ಹುಡುಗಿಯರು ಅತ್ತರು. ಅವತ್ತು ಅಕ್ಕಾರ ಅಂದು ಅಣಕಿಸಿದವಳೇ ಉಚ್ಚಂಗೆಮ್ಮನ ಮನೆಗೆ ಬಂದು "ನಾಳಿಂದ ನನ್ನ ಪಕ್ಕ ಕುಂದ್ರು ಬಾ" ಎಂದು ಕರೆದಳು. ಉಚ್ಚಂಗೆಮ್ಮ ಹೋದಳು. ಹದಿನಾಲ್ಕರ ಒಳಗಿನ ಜಿಲ್ಲಾ ಆಟ ಮಾತ್ರ ಅವಳ ಪಾಲಿಗೆ ಮುಗಿದೇ ಹೋಗಿತ್ತು. ಮುಂದಿನ ವರ್ಷ ವಯಸ್ಸು ದಾಟುತ್ತದೆ.

ಹಾಲೇಶಪ್ಪ ಕೂಡ್ಲಿಗಿ ನ್ಯಾಯಾಲಯಕ್ಕೆ ಐದು ಸಲ ಅಲೆದ. ಸಂಕ್ರಾಂತಿ ಹೊತ್ತಿಗೆ ಎರಡು ಕಾಗದ ತಂದ. ಮಗಳು ಓದಿದಳು. ಒಂದು ಅವಳ ಹುಟ್ಟಿನದು. ಇನ್ನೊಂದು ಅವಳ ಅಕ್ಕನ ಸಾವಿನದು.

"ಆ ಎರಡನೇದು ಇನ್ನೊಮ್ಮೆ ಓದವ್ವಾ" ಎಂದಳು ಕರಿಯಕ್ಕ.

ಹುಡುಗಿ ನಿಧಾನವಾಗಿ ಓದಿದಳು. ಹೆಸರು, ತಂದೆ, ತಾಯಿ, ವಯಸ್ಸು ಎಂಟು ತಿಂಗಳು. ಕರಿಯಕ್ಕ ಆ ಕಾಗದವನ್ನು ಇಸಕೊಂಡು ಸೆರಗಿನಲ್ಲಿ ಒತ್ತಿ ಹಿಡಿದಳು. ಕೂಸು ಇದ್ದಳು, ಹೋದಳು ಅಂತ ಮೊದಲ ಸಲ ಸರ್ಕಾರದ ಕಾಗದವೊಂದು ಹೇಳಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಜೂನ್ ಒಂದರಂದು ಹುಟ್ಟಿದ್ದಾರೆ, ಒಮ್ಮೆ ಕೇಳಿ ನೋಡಿ. ಮಗು ಮನೆಯಲ್ಲಿ ಹುಟ್ಟಿದರೆ ಇಪ್ಪತ್ತೊಂದು ದಿನದೊಳಗೆ ಬರೆಸಿ. ಹಳ್ಳಿಯಲ್ಲಿ ಗ್ರಾಮ ಲೆಕ್ಕಿಗರು, ಪಟ್ಟಣದಲ್ಲಿ ಪಟ್ಟಣ ಪಂಚಾಯಿತಿ ಇಲ್ಲವೇ ಪುರಸಭೆ ಕಚೇರಿ. ದುಡ್ಡು ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರು ಕಳಿಸುತ್ತಾರೆ, ಕಳಿಸಿದರೋ ಇಲ್ಲವೋ ನೀವು ಕೇಳಿ. ಹೆಸರು ಇಡುವವರೆಗೆ ಕಾಯಬೇಡಿ, ಅದನ್ನು ಆಮೇಲೆ ಸೇರಿಸಬಹುದು. ಸಾವಾದರೆ ಅದನ್ನೂ ಬರೆಸಿ, ಎಷ್ಟೇ ಸಣ್ಣ ಕೂಸಾದರೂ ಬರೆಸಿ. ಓದು ಬಾರದಿದ್ದರೆ ಕಾಗದ ಮಡಿಚುವ ಮೊದಲು ಓದು ಬಲ್ಲವರಿಂದ ಓದಿಸಿ. ನಿಮ್ಮ ಮಗಳು ಎಷ್ಟು ಜೋರಾಗಿ ಓಡುತ್ತಾಳೆ ಅನ್ನುವುದು ಅವಳ ಕಾಲಿಗೆ ಬಿಟ್ಟದ್ದು. ಅವಳು ಓಡಬಹುದೋ ಇಲ್ಲವೋ ಅನ್ನುವುದು ನೀವು ಇವತ್ತು ನಡೆಯುವ ಆ ನಾಲ್ಕು ಹೆಜ್ಜೆಗೆ ಬಿಟ್ಟದ್ದು.