ನೆಗಡಿಯಣ್ಣನ ಕುಲಾವಿ

ನನ್ನ ಅತ್ತೆಯ ಮಂಚದ ಕೆಳಗೆ ಒಂದು ಕ್ಯಾನ್ವಾಸ್ ಚೀಲ ಸದಾ ತುಂಬಿಕೊಂಡೇ ಇರುತ್ತಿತ್ತು. ಅವರ ಮಗ, ಎಂದರೆ ನನ್ನ ಗಂಡ, ತೀರಿಕೊಂಡ ಮೇಲೆ ಸಮುದ್ರದ ಕಡೆಯ ಊರಿನಲ್ಲಿರುವ ನಾದಿನಿ ಅವರನ್ನು ಕರೆಯುತ್ತಲೇ ಇದ್ದಳು. ನಮ್ಮೂರಿನ ಒಣಗಾಳಿ ಅತ್ತೆಗೆ ಆಗಿಬರುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಮೂಗಿನಿಂದ ರಕ್ತ, ಬೆಳಗ್ಗೆ ಎದ್ದರೆ ದಿಂಬಿನ ಮೇಲೆ ಕಲೆ. ಈ ಬೇಸಿಗೆಯೂ ಅದೇ ಪಾಡಾದರೆ ಮಗಳ ಮನೆಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಹೋಗಬೇಡಿ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಸಂಬಂಧ ಕಟ್ಟಿದವನೇ ಇಲ್ಲದ ಮೇಲೆ ಯಾವ ಬಾಯಿಂದ ಹೇಳಲಿ?

ನಾನು ಹವಾಮಾನ ಕೇಂದ್ರದ ವೀಕ್ಷಕಿ. ಕೇಂದ್ರ ಎಂದರೆ ಹುಬ್ಬೇರಿಸಬೇಡಿ. ಒಂದು ಕೋಣೆಯ ಆಫೀಸು, ಅದಕ್ಕಂಟಿದ ನಮ್ಮ ಮನೆ, ಹಿತ್ತಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಅಷ್ಟೆ. ಪೆಟ್ಟಿಗೆಯಲ್ಲಿ ಎರಡು ಥರ್ಮಾಮೀಟರುಗಳಿವೆ. ಒಂದು ಬರಿಮೈಯದು, ಇನ್ನೊಂದರ ಬುಡಕ್ಕೆ ತೆಳು ಬಟ್ಟೆಯ ಒದ್ದೆ ತೊಡುಗೆ. ಗಾಳಿ ಒಣಗಿದ್ದಷ್ಟೂ ಆ ಒದ್ದೆ ಬೇಗ ಆರುತ್ತದೆ, ಆರುತ್ತ ತಣ್ಣಗಾಗುತ್ತದೆ, ಎರಡರ ಅಂಕಿಗಳೂ ದೂರ ದೂರ ಸರಿಯುತ್ತವೆ. ತೊಡುಗೆ ಹೊಲಿಯುವವರು ಅತ್ತೆ. ಅದನ್ನು ಕುಲಾವಿ ಎನ್ನುತ್ತಿದ್ದರು, ಕೂಸಿಗೆ ಹೊಲಿದಂತೆ. ಬರಿಮೈಯವನಿಗೆ ಒಣಕಲ, ಒದ್ದೆಯವನಿಗೆ ನೆಗಡಿಯಣ್ಣ ಎಂದು ಹೆಸರನ್ನೂ ಇಟ್ಟಿದ್ದರು.

"ಅಣ್ಣತಮ್ಮ ಹೇಗಿದಾರೆ ಇವತ್ತು?" ಎಂದು ದಿನಾ ಕೇಳುವರು.

"ಮುಖ ಕೊಟ್ಟು ಮಾತಾಡ್ತಿಲ್ಲ ಅತ್ತೆ."

ಈ ಬೇಸಿಗೆ ಮಾತ್ರ ಅಣ್ಣತಮ್ಮ ರಾಜಿಯಾಗಿಬಿಟ್ಟರು. ಸುತ್ತಲ ಕೇಂದ್ರಗಳಲ್ಲೆಲ್ಲ ಗಾಳಿ ಒಣಗಿ ಸಾಯುತ್ತಿದ್ದರೆ ನಮ್ಮಲ್ಲಿ ತೇವ ತೋರಿಸುತ್ತಿತ್ತು. ದೊಡ್ಡ ಆಫೀಸಿನಿಂದ ಫೋನಿನ ಮೇಲೆ ಫೋನು. ಕುಲಾವಿ ಅದ್ದುವ ನೀರು ಬದಲಿಸಿದೆ, ಆ ನೀರಿನ ಬಟ್ಟಲು ಬದಲಿಸಿದೆ. ಏನೂ ಆಗಲಿಲ್ಲ. ತಲೆ ಕೆಟ್ಟು ಒಂದು ದಿನ ಅತ್ತೆಯ ಮೇಲೆಯೇ ಹಾರಿದೆ.

"ಕುಲಾವಿಗೆ ದಪ್ಪ ಬಟ್ಟೆ ಹಾಕಿದೀರಾ? ಅದಕ್ಕೇ ಅವನು ಸರಿಯಾಗಿ ಆರ್ತಿಲ್ಲ."

"ನನ್ನ ಕಣ್ಣು ಮಂಜಾಗಿರಬಹುದು. ಕೈ ಮಂಜಾಗಿಲ್ಲ," ಎಂದರು ಅತ್ತೆ. ಅವತ್ತು ಕಾಫಿಯನ್ನು ನನ್ನ ಮುಂದೆ ಕುಕ್ಕಿ ಹೋದರು.

ಕೊನೆಗೆ ಮೇಲಧಿಕಾರಿಯೇ ಬಂದರು, ದಪ್ಪ ಕನ್ನಡಕದ ಸಮಾಧಾನದ ಮನುಷ್ಯ. ಅವರು ಪೆಟ್ಟಿಗೆಯ ಬಾಗಿಲನ್ನೇ ತೆರೆಯಲಿಲ್ಲ, ಹಿತ್ತಲನ್ನು ನೋಡುತ್ತ ನಿಂತರು. ಮಗ ಹೋದ ಮೇಲೆ ಅತ್ತೆ ಬಚ್ಚಲ ನೀರನ್ನು ಅಲ್ಲಿಗೆ ತಿರುಗಿಸಿ ಬಾಳೆ, ದಾಸವಾಳ, ಕುಂಬಳ ಬೆಳೆಸಿದ್ದರು. ಈ ವರ್ಷ ಕುಂಬಳದ ಬಳ್ಳಿ ಪೆಟ್ಟಿಗೆಯ ಕಾಲು ಮುಟ್ಟಿತ್ತು. ಗಾಳಿ ಆ ಹಸಿರನ್ನು ದಾಟಿಯೇ ಪೆಟ್ಟಿಗೆಗೆ ಬರಬೇಕು, ಅತ್ತೆಯ ಕಿಟಕಿಗೂ ಬರಬೇಕು.

ಸಾಹೇಬರು ದಾಸವಾಳದ ಒಂದು ರೆಂಬೆಗೆ ಪ್ಲಾಸ್ಟಿಕ್ ಕವರು ಕಟ್ಟಿ ಕಾಫಿಗೆ ಕೂತರು. ಮಾತೆಲ್ಲ ಮುಗಿಸಿ ಎದ್ದು ಬಂದು ನೋಡಿದರೆ ಕವರಿನ ಒಳಗೆಲ್ಲ ನೀರಿನ ಹನಿ.

"ಬೇರು ಕುಡಿದ ನೀರನ್ನ ಎಲೆ ಗಾಳಿಗೆ ಬಿಡುತ್ತೆ. ನಿಮ್ಮ ಪೆಟ್ಟಿಗೆ ಊರಿನ ಗಾಳಿ ಅಳೀತಿಲ್ಲಮ್ಮ, ಈ ತೋಟದ ಉಸಿರು ಅಳೀತಿದೆ. ಬೇಲಿ ದಾಟಿದ್ರೆ ಮತ್ತೆ ಒಣಗಾಳೀನೇ. ಗಿಡ ತೆಗೆಸಿಬಿಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿಂದ ಕುಡುಗೋಲು ತಂದಿದ್ದರು.

"ನಿನ್ನ ಅನ್ನಕ್ಕೆ ಕುತ್ತು ತರೋ ಗಿಡ ನನಗ್ಯಾಕೆ? ಹೇಗೂ ನಾನು ಹೊರಡೋಳು," ಎಂದು ಕುಂಬಳದ ಕುಡಿಯೊಂದನ್ನು ಕತ್ತರಿಸಿಯೇಬಿಟ್ಟರು.

ನಾನು ಇನ್ನೂ ಕವರಿನ ಹನಿಗಳನ್ನೇ ನೋಡುತ್ತಿದ್ದೆ. ಹಿಂದಿನ ದಿನ ಒಗೆದ ದಿಂಬಿನ ಚೀಲ ನೆನಪಾಯಿತು. ಅದರಲ್ಲಿ ಕಲೆ ಇರಲಿಲ್ಲ. ಈ ಬೇಸಿಗೆಯಿಡೀ ಇರಲಿಲ್ಲ. ಮಂಕು ಕವಿದವಳ ಹಾಗೆ ನಾನು ಬಟ್ಟಲಲ್ಲಿ, ಬಟ್ಟೆಯಲ್ಲಿ ತಪ್ಪು ಹುಡುಕುತ್ತಿದ್ದೆ. ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ.

"ಅತ್ತೆ, ಈ ಸಲ ನಿಮಗೆ ರಕ್ತ ಬಂದೇ ಇಲ್ಲ."

ಅವರು ಕುಡುಗೋಲು ಬಿಟ್ಟು ಮೂಗು ಮುಟ್ಟಿ ನೋಡಿಕೊಂಡರು.

"ಸರ್, ಗಿಡ ಇರಲಿ. ಪೆಟ್ಟಿಗೆ ಸರಿಸೋಣ. ರಸ್ತೆಯಾಚೆ ಬಯಲಿದೆಯಲ್ಲ," ಎಂದೆ.

"ಬಿಸಿಲಲ್ಲಿ ದಿನಾ ಅಷ್ಟು ದೂರ ನಡೀಬೇಕಾಗುತ್ತೆ. ಯಾಕಮ್ಮ ಇಷ್ಟು ಹಟ?"

"ಇವರು ಹೋದ್ರೆ ನನಗೆ ಯಾರಿದಾರೆ ಸರ್?"

ಇಷ್ಟು ದಿನ ಅತ್ತೆಗೆ ಹೇಳಲಾಗದ್ದನ್ನು ಗುರುತು ಪರಿಚಯವಿಲ್ಲದ ಸಾಹೇಬರಿಗೆ ಹೇಳಿ ಅತ್ತುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಅದನ್ನ ವರದೀಲಿ ಬರೆಯೋಕಾಗಲ್ಲ. ಸ್ಥಳ ಸೂಕ್ತವಾಗಿಲ್ಲ ಅಂತ ಬರೀತೀನಿ."

ಪೆಟ್ಟಿಗೆ ಬಯಲಿಗೆ ಹೋಯಿತು. ಅಣ್ಣತಮ್ಮ ಮತ್ತೆ ಜಗಳಕ್ಕೆ ಬಿದ್ದರು. ಆ ಸಂಜೆ ನಾನು ಅಡುಗೆಮನೆಯಲ್ಲಿದ್ದಾಗ ಮಂಚದ ಕೆಳಗಿಂದ ಚೀಲ ಎಳೆದ ಸದ್ದು ಕೇಳಿತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ.

ಅತ್ತೆಯ ಬಟ್ಟೆಗಳೆಲ್ಲ ನನ್ನ ಕಪಾಟಿನ ಕೆಳಗಿನ ಅರೆಗೆ ಸೇರಿದ್ದವು. ಖಾಲಿ ಚೀಲವನ್ನು ಮಂಡಿಯ ಮೇಲೆ ಬೋರಲು ಹಾಕಿಕೊಂಡು, ಅದರ ತಳಕ್ಕೆ ದಬ್ಬಳದಿಂದ ತೂತು ಹಾಕುತ್ತ ಕೂತಿದ್ದರು.

"ಏನು ನೋಡ್ತಾ ನಿಂತೆ? ನೀರು ಇಳಿದು ಹೋಗಬೇಕಲ್ಲ," ಎಂದರು. "ನನ್ನ ಕಿಟಕಿ ಕೆಳಗೆ ಇನ್ನೊಂದು ದಾಸವಾಳ ಇಡೋಣ. ಹೋಗು, ಮಣ್ಣು ತಗೊಂಡು ಬಾ."

ನಾನು ಸೌಟು ಅಲ್ಲೇ ಇಟ್ಟು ಮಣ್ಣು ತರಲು ಹೋದೆ.